ಗಾಜಿನ ಮನೆಯ ಗೋಸುಂಬೆ

ವನಮಾಲಾ ಸಾಕಲು ತಂದ ಗೋಸುಂಬೆಯನ್ನು ಮೊದಲು ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟಳು. ಬಿಟ್ಟದ್ದೇ ತಡ, ಅದರ ಮೈತುಂಬ ಕೆಂಪು ಹಳದಿ ಪಟ್ಟೆಗಳೆದ್ದವು. ಗೋಡೆಯ ಮೇಲಿದ್ದ ಹಲ್ಲಿಗೆ ಹೊಟ್ಟೆಕಿಚ್ಚಾಯಿತು.

"ಅರಮನೆ ಸಿಕ್ಕಿದ ಕೂಡಲೇ ಏನು ಕಳೆ ಬಂತಪ್ಪ ನಿನಗೆ!"

"ಕಳೆಯಲ್ಲ, ಜೀವಭಯ," ಎಂದಿತು ಗೋಸುಂಬೆ. "ಎದುರಿಗೊಬ್ಬ ವೈರಿ ನಿಂತಿದ್ದಾನೆ. ನಾನು ಮೈ ಉಬ್ಬಿಸಿದರೆ ಅವನೂ ಉಬ್ಬಿಸುತ್ತಾನೆ. ಕಚ್ಚುವುದೂ ಇಲ್ಲ, ತೊಲಗುವುದೂ ಇಲ್ಲ."

"ಹುಚ್ಚಪ್ಪ, ಅದು ಗಾಜಿನಲ್ಲಿ ಕಾಣುವ ನಿನ್ನದೇ ಬಿಂಬ."

"ಇರಬಹುದು. ಆದರೆ ನಾನು ಕಣ್ಣು ಮುಚ್ಚಿದಾಗ ಅವನೇನು ಮಾಡುತ್ತಾನೆಂದು ನಾನು ನೋಡಿದ್ದೇನೆಯೇ?"

ಅಂದಿನಿಂದ ಅದು ಹುಳು ಮುಟ್ಟಲಿಲ್ಲ, ಕಣ್ಣು ಮುಚ್ಚಲಿಲ್ಲ. ನೋಡಿ ನೋಡಿ ಹಲ್ಲಿಗೂ ದಿಗಿಲು ಹತ್ತಿತು.

ಬೇರೆ ಗೂಡಿನಲ್ಲಿ ಹೇಗಿರುತ್ತದೋ ನೋಡೋಣವೆಂದು ವನಮಾಲಾ ಒಮ್ಮೆ ಅದನ್ನು ಜಾಲರಿಯ ಗೂಡಿಗೆ ದಾಟಿಸಿದಳು. ಅಲ್ಲಿ ಗಾಳಿಯಾಡುತ್ತಿತ್ತು, ಬಿಂಬವಿರಲಿಲ್ಲ. ಗೋಸುಂಬೆ ಎಲೆಯ ಮೇಲಿನ ಹನಿ ನೆಕ್ಕಿ ಕೊಂಬೆಯನ್ನು ತಬ್ಬಿಕೊಂಡಿತು. ಪಟ್ಟೆಗಳೆಲ್ಲ ಇಳಿದು ಮೈ ಬರೀ ಹಸಿರಾಯಿತು, ನಿದ್ದೆ ಹತ್ತಿತು. ಹಲ್ಲಿ ನೆಮ್ಮದಿಯ ಉಸಿರು ಬಿಟ್ಟಿತು.

ಬಗ್ಗಿ ನೋಡಿದ ವನಮಾಲಾ ಗಾಬರಿಯಾದಳು. "ಅಯ್ಯೋ, ಕಂದ ಹೇಗೆ ಕಳೆಗುಂದಿಬಿಟ್ಟಿದೆ! ಇದಕ್ಕೆ ಗಾಜಿನ ಮನೆಯೇ ಆಗಿಬರುವುದು."

"ಬೇಡ ತಾಯಿ, ಅಲ್ಲಿ ಅದು ಸಾಯುತ್ತದೆ!" ಎಂದು ಹಲ್ಲಿ ಗೋಡೆಯಿಂದ ಕೂಗಿಕೊಂಡಿತು.

ವನಮಾಲಾಗೆ ಕೇಳಿಸಿದ್ದು ಲೊಚಲೊಚ ಸದ್ದು ಮಾತ್ರ. ಅವಳು ಭಕ್ತಿಯಿಂದ ಬೆರಳಲ್ಲಿ ನೆಲ ತಟ್ಟಿದಳು.

"ನೋಡಿದೆಯಾ ಕಂದ, ನನ್ನ ಮಾತಿಗೆ ಹಲ್ಲಿಯೂ ಹೌದೆಂದಿತು," ಎನ್ನುತ್ತ, ಮಲಗಿದ್ದ ಗೋಸುಂಬೆಯನ್ನು ಅಕ್ಕರೆಯಿಂದ ಎತ್ತಿಕೊಂಡಳು.