ತವರಿನ ಕೆಂಡಸಂಪಿಗೆ

ಪುಟ್ಟತಾಯಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಜವರ. ಆಳು ಆರಡಿ, ಬುದ್ಧಿ ಗೇಣುದ್ದವೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವಳ ಕರ್ಮ.

ಅವಳ ತವರಿನ ಕೆಂಡಸಂಪಿಗೆ ಮರ ಬಿದ್ದುಹೋಗಿತ್ತು. ಅದರ ಬೀಜದಿಂದ ಎದ್ದದ್ದು ಒಂದೇ ಒಂದು ಸಸಿ. "ಅದನ್ನ ನಮ್ಮ ಅಂಗಳದಲ್ಲಿ ನೆಟ್ಟು, ಸಾಯೋದ್ರೊಳಗೆ ಒಂದು ಹೂವ ಮುಡ್ಕೋಬೇಕು ಕಣ್ಲಾ. ನಿಮ್ಮಾವನ ಮನೆಗೋಗಿ ತಗೊಂಬಾ" ಅಂದಳು.

ಜವರ ತಂದ. ದಾರಿಯಲ್ಲಿ ಕೆರೆಗಿಳಿದು, ಬೇರನ್ನೆಲ್ಲ ಉಜ್ಜಿ ಉಜ್ಜಿ ತೊಳೆದು ತಂದ.

"ಇದೇನ್ಲಾ ಮಾಡ್ದೆ?"

"ಮನೆಗೆ ಬರೋರು ಕಾಲು ತೊಳ್ಕೊಂಡೇ ಬರ್ಬೇಕು ಅಂತಿದ್ಯಲ್ಲವ್ವ."

ಅವ್ವನಿಗೆ ಮೈಯೆಲ್ಲ ಉರಿಯಿತು. "ಮಣ್ಣು ತೊಳೆದ್ರೆ ಜೀವ ಉಳಿದೀತಾ? ಮಣ್ಣು ಸಮೇತ ಒದ್ದೆ ಗೋಣಿ ಸುತ್ತಿ ನೆರಳಲ್ಲಿ ನಿಲ್ಲಿಸ್ಬೇಕು, ದಡ್ಡ ಮುಂಡೇದೆ" ಅಂದು ತಾನೇ ಗುಂಡಿ ತೋಡಿ ನೆಟ್ಟಳು.

ಮಾರನೇ ದಿನ ಸಸಿ ನೋಡಲು ಮಾವನೇ ಬಂದ. ಗದ್ದೆ ದಾಟಿ ಬಂದವನಿಗೆ ಮೊಣಕಾಲುದ್ದ ಕೆಸರು. ಕಾಲಿಗೆ ನೀರು ಕೇಳಿದ. ಜವರ ಕೊಟ್ಟಾನೇ? ಎರಡೂ ಕಾಲಿಗೆ ಒದ್ದೆ ಗೋಣಿ ಬಿಗಿದು, ಹೊಂಗೆ ನೆರಳಲ್ಲಿ ನಿಲ್ಲಿಸಿದ. ಮಾವ ಉಗಿದು, ಉಣ್ಣದೆ ಹೊರಟೇಹೋದ.

"ಬಾಗಿಲಿಗೆ ಬಂದೋರ್ನ ಹಿಂಗಾ ನಡೆಸ್ಕೊಳ್ಳೋದು? ನೀರು ಕೊಟ್ಟು, ಹೊಟ್ಟೆ ತುಂಬಾ ಉಣ್ಣಿ ಅಂತ ಬಲವಂತ ಮಾಡ್ಬೇಕು ಕಣೋ!"

ಮೂರನೇ ದಿನ ಬಾಗಿಲಿಗೆ ಬಂದದ್ದು ಒಂದು ಮೇಕೆ. ಜವರ ನೀರಿಟ್ಟ. ಮೇಕೆ ಸಸಿಗೆ ಬಾಯಿ ಹಾಕಿತು. "ನಾಚ್ಕೋಬೇಡಿ, ಇನ್ನೊಂದೆಲೆ ತಗೊಳ್ಳಿ" ಅಂತ ಬಲವಂತ ಮಾಡಿದ. ಅವ್ವ ಬರುವ ಹೊತ್ತಿಗೆ ಬೋಳು ಕಡ್ಡಿ ನಿಂತಿತ್ತು.

ಪುಟ್ಟತಾಯಮ್ಮ ಅತ್ತೇಬಿಟ್ಟಳು. ನೀವೇ ಹೇಳಿ, ಇಂಥ ಮಗನ್ನ ಕಟ್ಟಿಕೊಂಡು ಅಳದೆ ಏನು ಮಾಡ್ಯಾಳು? "ಕಡ್ಡಿ ಇನ್ನೂ ಹಸಿಯಾಗೇ ಅದೆ, ಚಿಗುರಿದ್ರೂ ಚಿಗುರ್ಬೋದು. ಸುತ್ತ ಮುಳ್ಳುಬೇಲಿ ಹಾಕು. ಒಂದು ಸಂದೂ ಬಿಡ್ಬೇಡ. ಉಸಿರಾಡೋ ಒಂದು ಜೀವಾನೂ ಇದರ ಹತ್ರ ಇರಕೂಡದು."

ಜವರ ಹಗಲೆಲ್ಲ ದುಡಿದ. ಸಂಜೆ ಅವಳು ನೀರಿನ ಬಿಂದಿಗೆ ಹೊತ್ತು ಬಂದಳು. ಆಳೆತ್ತರದ ಬೇಲಿ, ಇರುವೆ ನುಗ್ಗಲೂ ಸಂದಿಲ್ಲ. ಒಳಗೆ ಜವರ. ಹೊರಗೆ, ಅವಳ ಕಾಲ ಬಳಿ, ಕಿತ್ತ ಸಸಿ.

"ಇದ್ಯಾಕ್ಲಾ ಆಚೆ ಬಿದ್ದದೆ?"

"ಬೇಲಿ ಮುಗಿಸಿ ನೋಡ್ತೀನಿ, ಒಳಗೆ ನಾನೊಬ್ಬ ಉಸಿರಾಡ್ತಾ ಇವ್ನಿ. ಆಚೆ ಬರೋಕೆ ಸಂದಿಲ್ಲ. ಅದ್ಕೆ ಸಸೀನೇ ಕಿತ್ತು ಎಸೆದ್ಬುಟ್ಟೆ ಕಣವ್ವ."

ಪುಟ್ಟತಾಯಮ್ಮ ಬಿಂದಿಗೆ ಇಳಿಸಿದಳು. ಸಸಿಯನ್ನು ಹಿತ್ತಲಿಗೆ ಒಯ್ದು ನೆಟ್ಟಳು, ಬಿಂದಿಗೆ ನೀರೆಲ್ಲ ಎರೆದಳು. ಆಮೇಲೆ ಬೇಲಿಯ ಹತ್ತಿರ ಬಂದು, "ಅದು ಚಿಗುರೋಗಂಟ ನೀನು ಅಲ್ಲೇ ಇರು" ಅಂದು ಮನೆಯೊಳಗೆ ಹೋದಳು.