ತುಂಗಕ್ಕನ ಕೋಸಂಬರಿ

ಇರುವೆಗೆ ಸಕ್ಕರೆ ಕಾಯಿಲೆ ಎಂದರೆ ನಗಬಾರದು, ತುಂಗಕ್ಕನಿಗೆ ಬಂದಿತ್ತು. ಮೂರು ತಿಂಗಳು ಮಲಗಿ ಎದ್ದವಳಿಗೆ ಬಸವನಹುಳು ಪಂಡಿತರು ಹೇಳಿದರು: "ಮೊಳಕೆ ಹೆಸರುಕಾಳಿನ ಕೋಸಂಬರಿ ತಿನ್ನಿ. ಸಿಹಿ ಮುಟ್ಟಿದರೆ ಮತ್ತೆ ಮಲಗುತ್ತೀರಿ, ಆಮೇಲೆ ಏಳುವುದಿಲ್ಲ."

ಆದರೆ ಇರುವೆಗಳಲ್ಲಿ ತಮ್ಮ ಹೊಟ್ಟೆಯಲ್ಲಿದ್ದುದನ್ನೇ ಎದುರಾದವರ ಬಾಯಿಗೆ ಒಂದು ತೊಟ್ಟು ಉಣಿಸುವುದೇ ನಮಸ್ಕಾರ. ಯೋಗಕ್ಷೇಮ ವಿಚಾರಿಸಲು ಮುನ್ನೂರು ನೆಂಟರು ಸಾಲುಗಟ್ಟಿ ಬಂದರು. ಎಲ್ಲರ ಹೊಟ್ಟೆಯಲ್ಲೂ ಬೆಲ್ಲದ ಪಾಕ.

"ಎಷ್ಟು ಸೊರಗಿದ್ದೀಯೇ. ಒಂದೇ ತೊಟ್ಟು, ನನ್ನಾಣೆ," ಎಂದು ಚಿಕ್ಕಮ್ಮ ಬಾಯಿ ತೆರೆದಳು.

ಬೇಡವೆಂದರೆ ಮುನಿಸು, ಹೂಂ ಎಂದರೆ ಮರಣ. ತುಂಗಕ್ಕ ಒಳಗೆ ಓಡಿ ಕೋಸಂಬರಿಯ ಕಾಳೊಂದನ್ನು ಹೊತ್ತು ತಂದಳು.

"ಸೊರಗಿದ್ದು ನೀವು ಚಿಕ್ಕಮ್ಮ," ಎಂದು ತೆರೆದ ಬಾಯಿಗೆ ತುರುಕಿದಳು. ಹಿಂದಿದ್ದ ಭಾವನಿಗೊಂದು, ಅವನ ಹಿಂದಿನ ಅತ್ತಿಗೆಗೊಂದು. ಬಾಯಿ ತುಂಬಿದವರು ಉಣಿಸುವುದು ಹೇಗೆ? ಮುನ್ನೂರು ಸಲ ಒಳಹೊರಗೆ ಓಡಿದ ತುಂಗಕ್ಕನಿಗೆ ಎಷ್ಟೋ ತಿಂಗಳ ಮೇಲೆ ನಿಜವಾದ ಹಸಿವಾಯಿತು. ಬಾಗಿಲಲ್ಲೇ ಕುಳಿತು ತಾನೂ ಎರಡು ಕಾಳು ಮುಕ್ಕಿದಳು.

ಅಂತೂ ಚಿಕ್ಕಮ್ಮನ ಬಾಯಿ ಖಾಲಿಯಾಯಿತು.

"ನಿನಗೆ ಇನ್ನೂ ಪೂರ್ತಿ ವಾಸಿಯಾಗಿಲ್ಲ ಕಣೇ," ಎಂದಳು ಅವಳು ತುಟಿ ಒರೆಸಿಕೊಂಡು. "ನಾಳೆಯೂ ನೋಡಿಕೊಂಡು ಹೋಗಲು ಬರುತ್ತೇವೆ. ಕೋಸಂಬರಿಗೆ ನಿಂಬೆಹುಳಿ ಸ್ವಲ್ಪ ಜಾಸ್ತಿ ಇರಲಿ."