ಸಕ್ರವ್ವನ ಗುಡ್ಡ

ನಮ್ಮೂರಿನ ಬಡಗಣಕ್ಕಿರುವ ಬೋಳು ಗುಡ್ಡಕ್ಕೆ ಸಕ್ರವ್ವನ ಗುಡ್ಡವೆಂದು ಹೆಸರು. ಅಲ್ಲಿ ಗುಡಿಯಿಲ್ಲ, ಹುಲಿಯಿಲ್ಲ, ದೆವ್ವವನ್ನು ನಾನಂತೂ ಕಂಡಿಲ್ಲ. ಆನೆಗಾತ್ರದ ಎರಡು ಬಂಡೆ, ನಡುವೆ ಒಂದು ಸಂದು, ಅಷ್ಟೇ. ಆದರೂ ಮಟಮಟ ಮಧ್ಯಾಹ್ನವೇ ಆ ಸಂದಿನ ಮುಂದೆ ಕುರಿ ಕಾಯುವವರ ದನಿ ತಗ್ಗುತ್ತದೆ.

ಹಿಂದೆ ಒಮ್ಮೆ, ಊರು ಸುಲಿದು ಮಕ್ಕಳನ್ನೂ ಹೊತ್ತೊಯ್ಯುವ ಕುದುರೆ ದಂಡೊಂದು ಇತ್ತ ತಿರುಗಿತಂತೆ. ಗಂಡಸರು ದನ ಹೊಡೆದುಕೊಂಡು ದೂರ ಹೋಗಿದ್ದರು. ಹೆಂಗಸರು ಮಕ್ಕಳೊಂದಿಗೆ ಆ ಸಂದಿನೊಳಗೆ ಅಡಗಿದರು. ಹೊರಗೆ ಉಳಿದವಳು ಸಕ್ರವ್ವ. ಸಾವಿನ ಮನೆಯಲ್ಲಿ ಹಾಡಿ ಅಳುವುದು ಅವಳ ಕಸುಬು. ಅವಳು ರಾಗ ಎತ್ತಿದರೆ ನಾಯಿಗಳೂ ಬಾಲ ಮಡಚಿ ಕೂತು ಕೇಳುತ್ತಿದ್ದವು ಎನ್ನುತ್ತಾರೆ. ಸಿಡುಬು ಬಂದ ಮನೆಗೆ ಸಿಕ್ಕಿಸುವಂತೆ ಸಂದಿಗೆ ಬೇವಿನ ತೊಪ್ಪಲು ಸಿಕ್ಕಿಸಿ, ತಲೆ ಕೆದರಿಕೊಂಡು ಅಳತೊಡಗಿದಳು. ದಂಡು ನಿಂತಿತು. ಸಿಡುಬಿಗೆ ಕತ್ತಿ ತೋರಿಸಿ ಗೆದ್ದವರುಂಟೆ? ಆದರೆ ಈ ಸೀಮೆಯವನೇ ಆದ ಸವಾರನೊಬ್ಬ ಹತ್ತಿರ ಬಂದ.

“ಹೆಸರಿಲ್ಲದ ಹಾಡು ಎಂಥಾದ್ದಬೇ ಮುದುಕಿ? ಯಾರು ಸತ್ತಾರ, ಹೆಸರು ಹಿಡಿದು ಅಳು.”

ಅದು ನಿಜವೇ. ಹಾಡಿನಲ್ಲಿ ಸತ್ತವರ ಹೆಸರು ಬರಲೇಬೇಕು. ಬದುಕಿದ್ದವರ ಹೆಸರು ಬಂದರೆ ಸಾವು ಅವರನ್ನು ಹುಡುಕಿಕೊಂಡು ಬರುತ್ತದೆ. ಒಮ್ಮೆ ಅತ್ತು ಕಳಿಸಿದವರನ್ನು ಮತ್ತೆ ಅತ್ತರೆ ಅವರೇ ಎದ್ದು ಬರುತ್ತಾರೆ. ಒಳಗೆ ತಾಯಂದಿರು ಮಕ್ಕಳ ಬಾಯಿ ಒತ್ತಿ ಹಿಡಿದರು. ಆ ಮಕ್ಕಳ ಹೆಸರೆಲ್ಲ ಅವಳಿಗೆ ಗೊತ್ತು. ಯಾವ ಕೂಸಿನದನ್ನು ತೆಗೆಯುತ್ತಾಳೋ?

“ಸಕ್ರವ್ವಾ, ನನ್ನವ್ವಾ, ನೀರು ಕೇಳದಂಗ ಹೋದ್ಯಲ್ಲ,” ಎಂದು ಅವಳು ಎದೆ ಬಡಿದುಕೊಂಡಳು.

ಬದುಕಿದ್ದವರ ಹೆಸರನ್ನು ಯಾರೂ ಹಾಡಿಗೆ ತರುವುದಿಲ್ಲವೆಂದು ಸವಾರನೂ ಬಲ್ಲ. “ಖರೇನ ಸತ್ತಾರ, ನಡೀರಿ,” ಎಂದು ಕುದುರೆ ತಿರುಗಿಸಿದ.

ಊರು ಉಳಿಯಿತು. ಆದರೆ ಆಮೇಲೆ ಅವಳನ್ನು ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ. ಎಡೆ ಇಡುವಂತೆ ಹೊಸ್ತಿಲಲ್ಲಿ ಅನ್ನವಿಟ್ಟು, ತಿರುಗಿ ನೋಡದೆ ಬರುತ್ತಿದ್ದರು. “ಸಾರಿಗೆ ಉಪ್ಪು ಕಮ್ಮಿ ಐತ್ರೇ, ಸತ್ತಾಕಿಗೂ ಗೊತ್ತಾಗತೈತಿ,” ಎಂದು ಅವಳು ಕೂಗಿದರೆ ಯಾರೂ ನಗಲಿಲ್ಲ, ಓಡಿದರು. ಅವಳು ನಿಜವಾಗಿ ಸತ್ತ ದಿನ ಅಳುವವರಿರಲಿಲ್ಲ. ಅತ್ತಾಗಿತ್ತಲ್ಲ.

ಇಂದಿಗೂ ಗುಡ್ಡಕ್ಕೆ ಬಂದವರು ನೋಡಬಹುದು. ಸಾವಿನ ಕಿವಿಗೆ ಬಿದ್ದೀತೆಂದು ನಮ್ಮೂರ ತಾಯಂದಿರು ಅಲ್ಲಿ ಮಕ್ಕಳ ಹೆಸರೆತ್ತುವುದಿಲ್ಲ. “ಸಕ್ರವ್ವಾ, ಇಳಿ ಕೆಳಗ,” ಎನ್ನುತ್ತಾರೆ. ಬಂಡೆ ಏರಿದ ಮಕ್ಕಳೆಲ್ಲ, ಮೀಸೆ ಚಿಗುರಿದ ಗಂಡುಹುಡುಗರೂ ಸೇರಿ, ತಕರಾರಿಲ್ಲದೆ ಇಳಿದು ಬರುತ್ತಾರೆ.